ಅಮ್ಮ ಒಗೆದ ಬಾವುಟ

ಒನೆಹುಂಗಾ ಎನ್ನುವ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ಊಟದ ಮೇಜು ಇದ್ದದ್ದು ಒಂದೇ. ಅದರ ಮೇಲೆ ಮೂರು ವಾರ ಒಂದು ಹಳೆಯ ಬಾವುಟ ಮಲಗಿತ್ತು, ನಾವು ಮೂವರು ಕೆಳಗೆ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ನೆಲದ ಮೇಲೆ ಉಣ್ಣುವುದು ನಮಗೇನೂ ಹೊಸದಲ್ಲ, ಮೈಸೂರಿನಲ್ಲಿ ಇದ್ದಾಗ ಅದೇ ಅಭ್ಯಾಸ. ಆದರೆ ಈ ದೇಶಕ್ಕೆ ಬಂದ ವಾರವೇ ಅಪ್ಪ ಅದನ್ನು ಬಿಡಿಸಿದ್ದರು. ಇಲ್ಲಿಯ ಜನ ನೋಡಿದರೆ ಏನಂದುಕೊಳ್ಳುತ್ತಾರೆ ಎನ್ನುವುದು ಅವರ ಚಿಂತೆ. ಇಲ್ಲಿಯ ಜನ ಯಾರೂ ನಮ್ಮ ಮನೆಗೆ ಊಟಕ್ಕೆ ಬಂದದ್ದಿಲ್ಲ, ಆ ಮಾತು ಬೇರೆ. ಅಂಥ ಅಪ್ಪ ಈಗ ಒಂದು ಬಟ್ಟೆಯನ್ನು ಮೇಜಿನ ಮೇಲೆ ಮಲಗಿಸಿ ಹೆಂಡತಿ ಮಗಳನ್ನು ಕೆಳಗೆ ಇಳಿಸಿದರು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿರಲಿಲ್ಲ, ಹೊಗೆ ತಾಗುತ್ತದೆ. ಕಿಟಕಿ ತೆಗೆಯುವ ಹಾಗಿರಲಿಲ್ಲ, ಬಿಸಿಲು ತಾಗುತ್ತದೆ. ನಾನು ಆ ಕೋಣೆಯಲ್ಲಿ ಓಡುವ ಹಾಗಿರಲಿಲ್ಲ. ಮೂರು ವಾರ ಒಗ್ಗರಣೆಯಿಲ್ಲದ ಸಾರು ತಿಂದೆವು. ಅಮ್ಮನಿಗೆ ಆಗ ಇನ್ನೂ ಮಂಡಿನೋವು ಶುರುವಾಗಿರಲಿಲ್ಲ, ದೇವರ ದಯೆ.

ಆ ಬಾವುಟದ ಚರಿತ್ರೆ ನನಗೆ ಬಾಯಿಪಾಠವಾಗಿತ್ತು. ಶಾಲೆಯಲ್ಲಿ ಟೀಚರ್ ವರ್ಷಕ್ಕೊಮ್ಮೆ ಹೇಳುತ್ತಿದ್ದರು, ಮನೆಯಲ್ಲಿ ಅಪ್ಪ ದಿನಕ್ಕೊಮ್ಮೆ. ಮೊದಲ ಮಹಾಯುದ್ಧದಲ್ಲಿ ನಮ್ಮ ಬಡಾವಣೆಯ ಹುಡುಗರು ಹಡಗು ಹತ್ತಿ ಎಲ್ಲೋ ದೂರದ ಕಡಲ ದಂಡೆಗೆ ಹೋದರಂತೆ. ಅವರಲ್ಲಿ ಒಬ್ಬ ಈ ಬಾವುಟವನ್ನು ಅಂಗಿಯೊಳಗೆ ಹೊಟ್ಟೆಗೆ ಸುತ್ತಿಕೊಂಡು ಗುಡ್ಡ ಹತ್ತಿದ, ತುದಿಯಲ್ಲಿ ನೆಟ್ಟ, ಗುಂಡು ತಿಂದು ಬಿದ್ದ. ಅವನ ಕೈಯಿಂದ ಇನ್ನೊಬ್ಬ ಹಿಡಿದ, ಅವನೂ ಬಿದ್ದ. ಟೀಚರ್ ಪ್ರಕಾರ ಹೀಗೆ ಮೂವರು ಹಿಡಿದರು, ಅಪ್ಪನ ಪ್ರಕಾರ ಏಳು ಮಂದಿ. ಗುಡ್ಡ ಕೈಬಿಟ್ಟು ಹೋಯಿತು, ಹುಡುಗರು ಅಲ್ಲೇ ಮಣ್ಣಾದರು, ಬಾವುಟ ಮಾತ್ರ ಹಡಗಿನಲ್ಲಿ ಜೋಪಾನವಾಗಿ ವಾಪಸ್ ಬಂತು. ನೀಲಿ ಬಟ್ಟೆ, ನಾಲ್ಕು ಕೆಂಪು ನಕ್ಷತ್ರ, ಮೂಲೆಯಲ್ಲಿ ಬ್ರಿಟಿಷರ ಗುರುತು. ಆ ಗುರುತಿನ ಬಿಳಿ ಪಟ್ಟಿಯ ಮೇಲೆ ಅಂಗೈ ಅಗಲದ ಒಂದು ಕಂದು ಕಲೆ. ಮೊದಲು ಬಿದ್ದ ಹುಡುಗನ ರಕ್ತ ಎಂದು ಎಲ್ಲರೂ ಹೇಳುತ್ತಿದ್ದರು. ನಮ್ಮ ಪಾಠದ ಪುಸ್ತಕದಲ್ಲಿ ಆ ಕಲೆಯ ಚಿತ್ರ ಇಡೀ ಒಂದು ಪುಟಕ್ಕಿತ್ತು. ಕ್ಯಾಲೆಂಡರಿನಲ್ಲಿ ಅದೇ, ಬಿಸ್ಕತ್ತಿನ ಡಬ್ಬಿಯ ಮೇಲೂ ಅದೇ. ದೊಡ್ಡ ದೊಡ್ಡ ಮಂತ್ರಿಗಳು ಬಂದು ಅದರ ಪಕ್ಕ ನಿಂತು, ಈ ದೇಶ ಹುಟ್ಟಿದ್ದೇ ಇದರ ನೆರಳಿನಲ್ಲಿ ಎಂದು ಭಾಷಣ ಮಾಡಿ, ಚಹಾ ಕುಡಿದು ಹೋಗುತ್ತಿದ್ದರು. ಹುಡುಗರು ಸತ್ತದ್ದು ಸುಳ್ಳಲ್ಲ. ಅದನ್ನು ನಾನು ಹಗುರ ಮಾಡುವವಳಲ್ಲ, ಇವತ್ತಿಗೂ ಏಪ್ರಿಲ್ ತಿಂಗಳಲ್ಲಿ ಅವರ ನೆನಪಿನ ದಿನ ಒಂದು ದೀಪ ಹಚ್ಚುತ್ತೇನೆ. ಆದರೆ ಅವರ ಸಾವನ್ನು ಸನ್ಮಾನದ ಶಾಲಿನ ಹಾಗೆ ಹೊದ್ದು ತಿರುಗಿದವರನ್ನು ನೆನೆದರೆ ಮೈ ಉರಿಯುತ್ತದೆ.

ಹಾಗೆ ತಿರುಗಿದವರಲ್ಲಿ ಮೊದಲನೆಯವನು ಬ್ಯಾರಿ. ಬಾವುಟ ಇದ್ದದ್ದು ನಮ್ಮ ಬೀದಿಯ ಕೊನೆಯ ಹಳೇ ಸೈನಿಕರ ಹಾಲ್‌ನಲ್ಲಿ, ಬ್ಯಾರಿ ಅದರ ಕಾರ್ಯದರ್ಶಿ. ಯಾವ ಯುದ್ಧಕ್ಕೂ ಹೋದವನಲ್ಲ, ಪಾದ ಚಪ್ಪಟೆ ಎಂದು ಸೇನೆಯವರು ಮನೆಗೆ ಕಳಿಸಿದ್ದರಂತೆ. ನಿಜವಾಗಿ ಹೋಗಿ ಬಂದವರು ಹಾಲ್‌ನ ಮೂಲೆಯಲ್ಲಿ ಬಿಯರ್ ಹಿಡಿದು ಸುಮ್ಮನೆ ಕೂತಿರುತ್ತಿದ್ದರು, ಯುದ್ಧದ ಕಥೆಯೆಲ್ಲ ಬ್ಯಾರಿಯದೇ. ಎರಡನೆಯವರು ನನ್ನ ಅಪ್ಪ. ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು, ಯಂತ್ರಗಳ ನಕ್ಷೆ ಬರೆಯುವ ಕೆಲಸ. ಊರಿನಲ್ಲಿ ಶ್ಯಾಮರಾಯರು, ಇಲ್ಲಿ ಸ್ಯಾಮ್. ಆ ಹೆಸರು ಇಟ್ಟವನೂ ಬ್ಯಾರಿಯೇ. ಅಪ್ಪ ಅದನ್ನು ಬಿರುದಿನ ಹಾಗೆ ಇಟ್ಟುಕೊಂಡರು. ಪ್ರತಿ ಶುಕ್ರವಾರ ಹಾಲ್‌ಗೆ ಹೋಗಿ ನಿಂಬೆರಸ ಕುಡಿದು, ಅವರು ನಕ್ಕಾಗ ನಕ್ಕು ಬರುತ್ತಿದ್ದರು. ಅವರಿಗೆ ಬೇಕಾಗಿದ್ದು ಆ ಹಾಲ್‌ನ ಸಮಿತಿಯಲ್ಲಿ ಒಂದು ಕುರ್ಚಿ. ಬಾವುಟಕ್ಕೆ ಹುಳ ಹೊಡೆದು ತೂತು ಬಿದ್ದಿದೆ ಎಂದು ಬ್ಯಾರಿ ಕೊರಗಿದ ದಿನ, ಅಪ್ಪ ಅಮ್ಮನನ್ನು ಕೇಳದೆಯೇ ಅಮ್ಮನ ಕೈಗಳನ್ನು ದಾನ ಮಾಡಿ ಬಂದರು.

ಅಮ್ಮನ ಕೈ ಅಂಥದ್ದು, ಸುಳ್ಳು ಹೇಳಬಾರದು. ಜರಿ ಸೀರೆ ಹರಿದರೆ ಅದೇ ಸೀರೆಯ ಅಂಚಿನಿಂದ ಎಳೆ ಬಿಡಿಸಿ ರಫು ಹಾಕುತ್ತಿದ್ದಳು, ತಿರುಗಿಸಿ ನೋಡಿದರೂ ಗೊತ್ತಾಗುತ್ತಿರಲಿಲ್ಲ. ಬಾವುಟವನ್ನೂ ಹಾಗೇ ಹಿಡಿದಳು. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಮೇಜಿನ ಮುಂದೆ ಕೂತರೆ ನಾನು ಶಾಲೆಯಿಂದ ಬರುವವರೆಗೂ ಅಲ್ಲೇ. ಎರಡು ವಾರದಲ್ಲಿ ನೀಲಿಯ ಮೇಲಿನ ತೂತೆಲ್ಲ ಮುಚ್ಚಿದವು. ಆಮೇಲೊಂದು ಮಧ್ಯಾಹ್ನ ಪಕ್ಕದ ಮನೆಯ ಐಲೀನ್ ಆಂಟಿ ಒಂದು ಬುಟ್ಟಿ ಫೀಜೋವಾ ಹಣ್ಣು ತಂದರು. ಗಂಡ ತೀರಿಕೊಂಡ ಮುದುಕಿ, ಮೆತ್ತಗಿನ ಮಾತು. ನಾನೂ ಆಗ ಶಾಲೆಯಿಂದ ಬಂದಿದ್ದೆ. ಮೇಜಿನ ಮೇಲಿನ ಬಾವುಟ ನೋಡಿ ಆಂಟಿ ಬಾಗಿಲಲ್ಲೇ ನಿಂತುಬಿಟ್ಟರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಮನೆಯಲ್ಲಿ ಅದು ನನ್ನ ಕೆಲಸವೇ ಆಗಿತ್ತು. ಡೇರಿಯ ಅಂಗಡಿಯವನಿಂದ ಹಿಡಿದು ದಂತವೈದ್ಯರವರೆಗೆ, ಅಮ್ಮನ ಬಾಯಿ ನಾನು.

"ಇವರ ಗಂಡ ತೀರಿಕೊಂಡಾಗ ಪೆಟ್ಟಿಗೆ ಮೇಲೆ ಇದನ್ನೇ ಹೊದಿಸಿದ್ರಂತೆ ಅಮ್ಮ. ಹಾಲ್‌ನಲ್ಲಿ ಯಾರು ಸತ್ರೂ ಹೊದಿಸ್ತಾರಂತೆ."

"ಯಾವ ಪೆಟ್ಟಿಗೆ?"

"ಹೆಣದ ಪೆಟ್ಟಿಗೆ."

ಅಮ್ಮ ಸೂಜಿಯನ್ನು ದಾರದ ಉಂಡೆಗೆ ಸಿಕ್ಕಿಸಿ ಪಕ್ಕಕ್ಕಿಟ್ಟಳು. ಮೇಜಿನಿಂದ ಎರಡು ಹೆಜ್ಜೆ ಆಚೆಗೆ ನಮ್ಮ ದೇವರ ಗೂಡು. ಆಂಟಿಗೆ ಮುಖ ಕೆಡಿಸಿ ತೋರಿಸಲಿಲ್ಲ, ಕಾಫಿ ಮಾಡಿಕೊಟ್ಟು ಕಳಿಸಿದಳು. ಮರುದಿನ ಶನಿವಾರ, ಅಪ್ಪ ಓವರ್‌ಟೈಮ್ ಕೆಲಸಕ್ಕೆ ಹೋದ ಮೇಲೆ ಬಾವುಟ ಎತ್ತಿಕೊಂಡು ಹಿತ್ತಲಿಗೆ ಹೋದಳು. ಸಾವಿನ ಮನೆಯ ಬಟ್ಟೆ ನೀರು ಮುಟ್ಟದೆ ಒಳಗೆ ಬರಬಾರದು. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತಿರುವ ವಿಷಯ, ಅದಕ್ಕೆ ಚರ್ಚೆ ಬೇಕಿಲ್ಲ. ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿದಳು, ಕೆಂಪು ಬಿಡಬಾರದು ಎಂದು. ರೇಷ್ಮೆಗೆಂದು ಮೈಸೂರಿನಿಂದ ತಂದಿದ್ದ ಅಂಟುವಾಳದ ಪುಡಿಯನ್ನು ಕಲಸಿ ನೊರೆ ಬರಿಸಿದಳು. ಮೂರು ಸಲ ಅದ್ದಿ ಎತ್ತಿದಳು, ಉಜ್ಜಲಿಲ್ಲ, ಹಿಂಡಲಿಲ್ಲ. ಹೊರಬಂದ ನೀರು ಕೆಸರಿನಂತಿತ್ತು. ಅದನ್ನು ಮೋರಿಗೆ ಬಿಡದೆ, ಯಾರೂ ತುಳಿಯದಿರಲಿ ಎಂದು ನಿಂಬೆ ಗಿಡದ ಬುಡಕ್ಕೆ ಸುರಿದಳು. ಆಮೇಲೆ ಒಂದು ಚೊಂಬು ಒಳ್ಳೆಯ ನೀರು ತಂದು ದಕ್ಷಿಣಕ್ಕೆ ತಿರುಗಿ ಹುಲ್ಲಿನ ಮೇಲೆ ಬಿಟ್ಟಳು.

"ಹೋಗಿ ಮಕ್ಕಳೇ, ನೆಮ್ಮದಿಯಾಗಿ ಹೋಗಿ. ಇಷ್ಟು ವರ್ಷ ನಿಮಗೆ ಯಾರೂ ಸ್ನಾನ ಮಾಡಿಸ್ಲಿಲ್ಲ."

ಈ ದೇಶದಲ್ಲಿ ಆ ಹುಡುಗರಿಗೆ ಕಲ್ಲು ನಿಲ್ಲಿಸಿದವರಿದ್ದಾರೆ, ಕಹಳೆ ಊದಿದವರಿದ್ದಾರೆ. ನಾನು ಕಂಡ ಹಾಗೆ ಅವರೊಡನೆ ಮನೆಯ ಮಕ್ಕಳ ಜೊತೆ ಮಾತಾಡಿದ ಹಾಗೆ ಮಾತಾಡಿದವಳು ಅಮ್ಮ ಒಬ್ಬಳೇ. ಬಾವುಟವನ್ನು ತಂತಿಯ ಮೇಲೆ ಹರವಿದೆವು. ಐಲೀನ್ ಆಂಟಿ ಬೇಲಿಯ ಆಚೆ ಬಂದು ನಿಂತರು. ಬೈಯುತ್ತಾರೆ ಎಂದು ನಾನು ಅಮ್ಮನ ಹಿಂದೆ ಸರಿದೆ. ಅವರು ಹೇಳಿದ್ದು ಇಷ್ಟೇ, "ಬಟ್ಟೆ ಒಣಗೋದಕ್ಕೆ ಒಳ್ಳೇ ದಿನ ಇವತ್ತು." ತಮ್ಮ ಏಪ್ರನ್ನಿನ ಜೇಬಿನಿಂದ ನಾಲ್ಕು ಕ್ಲಿಪ್ ತೆಗೆದು ಕೊಟ್ಟು ಒಳಗೆ ಹೋದರು.

ಒಣಗಿದ ಮೇಲೆ ನೋಡಿದರೆ ಬಿಳಿ ಪಟ್ಟಿಯ ಮೇಲಿನ ಕಲೆ ಇರಲಿಲ್ಲ. ಆಗ ನನಗೆ ಅದು ಅಮ್ಮನ ಕೈಗುಣ ಎನ್ನಿಸಿತ್ತು. ಈಗ ಮೂರು ಹೆಣ್ಣುಮಕ್ಕಳ ಬಟ್ಟೆ ಒಗೆದು ಬೆಳೆಸಿದವಳು ನಾನು, ಹಳೇ ರಕ್ತದ ಕಲೆ ಎಂಥದ್ದೆಂದು ಯಾರೂ ನನಗೆ ಹೇಳಿಕೊಡಬೇಕಿಲ್ಲ. ಒಂದು ವಾರದ ರಕ್ತವೇ ತಣ್ಣೀರಿಗೆ ಸುಲಭವಾಗಿ ಬಿಡುವುದಿಲ್ಲ, ಎರಡು ತಲೆಮಾರಿನ ಹಿಂದಿನ ರಕ್ತ ಮೂರು ಸಲ ಅದ್ದಿದರೆ ಬಿಡುತ್ತದೆಯೇ? ಅದು ಹಾಲ್‌ನ ಊಟದ ಗ್ರೇವಿಯೋ, ಯಾರದೋ ಲೋಟದ ಬಿಯರೋ ಇರಬೇಕು. ಮಂತ್ರಿಗಳು ತಲೆ ಬಾಗಿಸಿದ್ದು ಅದಕ್ಕೆ.

ಅಪ್ಪ ಸಂಜೆಗೆ ಮುಂಚೆ ಬಂದರು. ಟಿಫಿನ್ ಡಬ್ಬಿ ಕೈಯಲ್ಲೇ ಇತ್ತು.

"ಏನಿದು?"

"ಒಗೆದೆ."

"ಏನನ್ನ ಒಗೆದೆ?"

"ಕಾಣಿಸ್ತಿದೆಯಲ್ಲ. ಹೆಣಕ್ಕೆ ಹೊದಿಸಿದ್ದನ್ನ ದೇವರ ಪಕ್ಕ ತಂದಿಟ್ರಿ. ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಮುಟ್ತಿದ್ಯಾ?"

"ಮೊದಲ ದಿನವೇ ಒಗೆದು ಆಮೇಲೆ ಹೊಲೀತಿದ್ದೆ. ಅಷ್ಟೇ ವ್ಯತ್ಯಾಸ."

"ದೇಶದ ಚರಿತ್ರೆ ಕಣೇ ಅದು. ಕೊಳೆ ಅಂದ್ಕೊಂಡ್ಯಾ ನೀನು?"

"ಆ ಹುಡುಗನ ಅಮ್ಮ ಇದ್ದಿದ್ರೆ, ಮಗನ ರಕ್ತದ ಬಟ್ಟೇನ ಒಗೀದೆ ಗೋಡೆಗೆ ತೂಗುಹಾಕ್ತಿದ್ಲಾ? ನೀವೇ ಹೇಳಿ."

ಅಪ್ಪ ಉತ್ತರವನ್ನು ಒಂದು ಪಿಂಗಾಣಿ ಬಟ್ಟಲಿನಲ್ಲಿ ಕೊಟ್ಟರು. ಭಾನುವಾರ ಬೆಳಿಗ್ಗೆ ಅದರಲ್ಲಿ ಕಡು ಡಿಕಾಕ್ಷನ್ ಹಾಗೆ ಕುದಿಸಿದ ಚಹಾ ಇಟ್ಟುಕೊಂಡು ಮೇಜಿನ ಮುಂದೆ ಕೂತರು. ನನ್ನ ಪಾಠದ ಪುಸ್ತಕ ತರಿಸಿ, ಆ ಕಲೆಯ ಚಿತ್ರವಿದ್ದ ಪುಟವನ್ನು ಎತ್ತಿ ಹಿಡಿಯಲು ನನಗೆ ಹೇಳಿದರು. ಡ್ರಾಫ್ಟ್ಸ್‌ಮನ್ ಅಲ್ಲವೇ, ಸ್ಕೇಲ್ ಇಟ್ಟು ಅಳೆದರು, ಡಿವೈಡರ್ ಇಟ್ಟು ಗುರುತು ಮಾಡಿದರು, ಹತ್ತಿಯ ಕಡ್ಡಿ ಅದ್ದಿ ಅದ್ದಿ ಹುತಾತ್ಮನ ರಕ್ತವನ್ನು ಒಂದು ಮಿಲಿಮೀಟರ್ ತಪ್ಪದಂತೆ ಬರೆದರು. "ಬಲಗಡೆ ತುದಿ ಸ್ವಲ್ಪ ಚೂಪು ಅಲ್ವೇನೇ ವನು?" ಎಂದು ನನ್ನನ್ನು ಕೇಳುತ್ತಿದ್ದರು. ಅವರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು, ನಾನೂ ಹಿಗ್ಗಿ ಹೇಳುತ್ತಿದ್ದೆ.

"ಸಕ್ಕರೆ ಹಾಕ್ಬೇಡಿ, ಇರುವೆ ಬರತ್ತೆ," ಎಂದಳು ಅಮ್ಮ ಅಡುಗೆಮನೆಯಿಂದ.

ಆಮೇಲೆ ಕೈ ಒರೆಸಿಕೊಳ್ಳುತ್ತ ಬಂದು ಎದುರು ನಿಂತಳು. ಆಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ನಾನು ಒಗೆದೆ ಅಂತ ಅವರಿಗೆ ಹೇಳಿ. ಬೈದ್ರೆ ನನ್ನ ಬೈಲಿ, ತಡ್ಕೋತೀನಿ. ಸತ್ತ ಹುಡುಗನ ಹೆಸರಲ್ಲಿ ಚಹಾ ಬಳಿದು ಜನರ ಕೈಲಿ ನಮಸ್ಕಾರ ಹಾಕಿಸ್ಬೇಡಿ. ಅದಕ್ಕೆ ನನ್ನ ಕೈ ಸೇರಿಸ್ಬೇಡಿ." ಅವಳು ಕೇಳಿದ್ದು ಇದೊಂದನ್ನೇ. ಮನೆ ಬೇಕು, ಒಡವೆ ಬೇಕು, ಊರಿಗೆ ಕಳಿಸಿ ಎಂದು ಕೇಳಿದವಳಲ್ಲ ನನ್ನ ಅಮ್ಮ. ಅಪ್ಪ ತಲೆಯೆತ್ತದೆ, "ಆಯ್ತು, ಹೇಳ್ತೀನಿ," ಎಂದರು. ಅಮ್ಮ ಆ ಮಾತನ್ನು ನಂಬಿ, ಉಳಿದಿದ್ದ ಕೊನೆಯ ಅಂಚನ್ನೂ ಹೊಲಿದು ಮುಗಿಸಿದಳು.

ಹೋದ ವರ್ಷ ಮೊಮ್ಮಗಳ ತರಗತಿಯವರ ಜೊತೆ ನಾನೂ ಆ ಬಾವುಟ ನೋಡಲು ಹೋಗಿದ್ದೆ. ಈಗ ಅದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದೆ, ಸುತ್ತ ಮಂದ ಬೆಳಕು, ಮಾತಾಡಬಾರದು ಎನ್ನುವ ಫಲಕ. ವಿವರಿಸುವ ಹುಡುಗಿ ಕಲೆಯ ಮುಂದೆ ದನಿ ತಗ್ಗಿಸಿದಳು. ಒಂದು ಮಗು ಅತ್ತೇಬಿಟ್ಟಿತು. ಹೊರಗೆ ಬಂದ ಮೇಲೆ ಕೌಂಟರಿನವಳ ಹತ್ತಿರ ಹೋಗಿ, ಆ ಕಲೆ ನಮ್ಮ ಅಪ್ಪ ಬರೆದ ಚಹಾ ಎಂದೆ. ಅವಳು ನನಗೆ ವಯಸ್ಸಾಗಿದೆ ಎನ್ನುವ ಮುಗುಳ್ನಗೆ ನಕ್ಕು ಒಂದು ಫಾರಂ ಕೊಟ್ಟಳು. ಮೇಲೆ 'ನಿಮ್ಮ ಸಮುದಾಯದ ನೆನಪುಗಳು' ಎಂದು ಅಚ್ಚಾಗಿತ್ತು. ಮೊಮ್ಮಗಳು ನನ್ನ ತೋಳು ಎಳೆದು, "ಅಜ್ಜಿ, ಸ್ಟಾಪ್ ಇಟ್, ಎವ್ರಿವನ್ಸ್ ಲುಕಿಂಗ್," ಎಂದಳು. ಬಸ್ಸಿನಲ್ಲಿ ಆ ಫಾರಂ ಮೇಲೆ ಅವಳು ಬೆಕ್ಕಿನ ಚಿತ್ರ ಬರೆದಳು. ಫಾರಂ ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಅಮ್ಮ ಬಾವುಟ ಒಗೆದ ಮರುವಾರ, ಅದನ್ನು ವಾಪಸ್ ಕೊಡುವ ಶನಿವಾರದ ಮಧ್ಯಾಹ್ನ ಹಾಲ್ ತುಂಬಿತ್ತು. ಉದ್ದನೆಯ ಮೇಜಿನ ಮೇಲೆ ಚೀಸ್ ಸ್ಕೋನ್, ಪಾವ್ಲೋವಾ ಎನ್ನುವ ಕೆನೆ ಹಾಕಿದ ಸಿಹಿ. ಅಮ್ಮ ಮೈಸೂರು ರೇಷ್ಮೆ ಉಟ್ಟು, ಮೇಲೆ ಚಳಿಗೆ ಕಂದು ಕಾರ್ಡಿಗನ್ ಹಾಕಿದ್ದಳು. ಮುಂದಿನ ಸಾಲಿನಲ್ಲಿ ನನ್ನ ಟೀಚರ್, ನನ್ನ ತರಗತಿಯ ಇಬ್ಬರು ಹುಡುಗಿಯರು ಇದ್ದರು, ಮೂರನೆಯ ಸಾಲಿನಲ್ಲಿ ಐಲೀನ್ ಆಂಟಿ. ಬ್ಯಾರಿ ಗುಡ್ಡದ ಕಥೆ ಹೇಳಿದ, ಅವತ್ತು ಬಾವುಟ ಹಿಡಿದವರು ಒಂಬತ್ತು ಮಂದಿ ಆಗಿದ್ದರು. ಕಲೆಯನ್ನು ಬೆರಳಿನಿಂದ ತೋರಿಸಿ ಕಣ್ಣೊರೆಸಿಕೊಂಡ. ಸ್ಯಾಮ್‌ನನ್ನು ಸಮಿತಿಗೆ ತೆಗೆದುಕೊಳ್ಳುತ್ತಿದ್ದೇವೆ ಎಂದು ಸಾರಿದ, ಎಲ್ಲರೂ "ಗುಡ್ ಆನ್ ಯೂ, ಸ್ಯಾಮ್" ಎಂದರು. ಅಪ್ಪನ ಮುಖ ನೋಡಬೇಕಿತ್ತು, ಪಟ್ಟಾಭಿಷೇಕವಾದವರ ಹಾಗಿತ್ತು. ಹೇಳಬೇಕಾದದ್ದನ್ನು ಹೇಳುವ ಲಕ್ಷಣ ಅದರಲ್ಲಿ ಕಾಣಲಿಲ್ಲ. ಕೊನೆಗೆ ಬ್ಯಾರಿ, ಮಿಸೆಸ್ ಸ್ಯಾಮ್ ಕೂಡ ಎರಡು ಮಾತಾಡಲಿ ಎಂದ. ಸುಮ್ಮನೆ ನಾಚಿ ಕೂರುತ್ತಾಳೆ ಎಂದುಕೊಂಡಿದ್ದ ಎಂದು ಕಾಣುತ್ತದೆ.

ಅಮ್ಮ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ಅಪ್ಪನ ಕಡೆಗಲ್ಲ, ಜನರ ಕಡೆಗೆ ನೋಡಿ ಕನ್ನಡದಲ್ಲೇ ಹೇಳಿದಳು.

"ಇದನ್ನ ನಾನು ಒಗೆದಿದ್ದೀನಿ. ಕಲೆ ಹೋಯ್ತು. ಈಗ ಅಲ್ಲಿರೋದು ಚಹಾ. ಸತ್ತವರ ಬಟ್ಟೆ ಒಗೀಬೇಕು ಅನ್ನೋದು ನಮ್ಮ ಪದ್ಧತಿ, ಗೌರವಕ್ಕೇ ಒಗೆದದ್ದು. ತಪ್ಪಾಗಿದ್ರೆ ಕ್ಷಮಿಸಿ."

ಅಪ್ಪ ಎದ್ದು ಕೋಟಿನ ಗುಂಡಿ ಹಾಕಿಕೊಂಡು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಇಂಥ ಮಹಾ ಬಾವುಟವನ್ನು ಮುಟ್ಟುವ ಭಾಗ್ಯ ತನ್ನ ಕುಟುಂಬಕ್ಕೆ ಸಿಕ್ಕಿದ್ದು ಪೂರ್ವಜನ್ಮದ ಪುಣ್ಯ ಎಂದು ನನ್ನ ಹೆಂಡತಿ ಹೇಳುತ್ತಿದ್ದಾಳೆ, ಎಂದರು. ಚಪ್ಪಾಳೆ ಬಿತ್ತು. ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೂ ಒಗೆಯುವುದು, ಚಹಾ ಇವೆರಡಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಗೊತ್ತಿತ್ತು. ಅವೆರಡೂ ಕೇಳಿಸಲಿಲ್ಲ. ಅವಳು ಕೂರಲಿಲ್ಲ. ಚಪ್ಪಾಳೆ ನಿಲ್ಲುವವರೆಗೆ ಕಾದು ನನ್ನ ಕಡೆ ತಿರುಗಿದಳು.

"ವನು, ನೀನು ಹೇಳು."

ನನಗೆ ಹತ್ತು ವರ್ಷ. ಹತ್ತು ವರ್ಷದವಳಿಗೆ ಏನು ತಿಳಿಯುತ್ತದೆ ಎಂದು ನನ್ನ ಗಂಡ ಈಗಲೂ ಸಮಾಧಾನ ಹೇಳುತ್ತಾರೆ. ಎಲ್ಲ ತಿಳಿಯುತ್ತದೆ. ಇಡೀ ಹಾಲ್ ನನ್ನನ್ನೇ ನೋಡುತ್ತಿತ್ತು. ಟೀಚರ್ ನಗುತ್ತಿದ್ದರು. ಆ ಇಬ್ಬರು ಹುಡುಗಿಯರು ಅಮ್ಮನ ಸೀರೆಯನ್ನು ನೋಡಿ ಏನೋ ಪಿಸುಗುಟ್ಟಿಕೊಂಡದ್ದು ನನಗೆ ಕಂಡಿತ್ತು. ಅಪ್ಪ ನನ್ನನ್ನು ನೋಡಿದ ರೀತಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೊಳ್ಳುವುದಿತ್ತು. ನಾನು ಎದ್ದು ನಿಂತು, ಈ ದೇಶದವರಂತೆಯೇ ಚೊಕ್ಕವಾದ ಇಂಗ್ಲಿಷಿನಲ್ಲಿ, ಅಪ್ಪ ಹೇಳಿದ್ದನ್ನೇ ಅಮ್ಮ ಹೇಳಿದ್ದು, ಎಂದೆ. ಬ್ಯಾರಿ ನನ್ನ ತಲೆ ಸವರಿ ದೊಡ್ಡ ಪಾವ್ಲೋವಾ ತುಂಡೊಂದನ್ನು ತಟ್ಟೆಗೆ ಹಾಕಿಕೊಟ್ಟ. ನಾನು ಅದನ್ನು ಪೂರ್ತಿ ತಿಂದೆ. ಬ್ಯಾರಿಯನ್ನೂ ಅಪ್ಪನನ್ನೂ ಇಷ್ಟು ಹೊತ್ತು ಹಳಿದವಳು ಇದನ್ನು ಬರೆಯದೆ ಬಿಟ್ಟರೆ ನಾಳೆ ದೇವರ ಮುಂದೆ ಕೂರುವ ಮುಖ ನನಗಿರುವುದಿಲ್ಲ.

ಅಮ್ಮ ಬೈಯಲಿಲ್ಲ. ಮನೆಗೆ ಬಂದು ಮೇಜು ಒರೆಸಿ, ದೀಪ ಹಚ್ಚಿ, ಮೂರು ವಾರದ ಮೇಲೆ ಸಾಸಿವೆ ಇಂಗಿನ ಒಗ್ಗರಣೆ ಹಾಕಿ ಸಾರು ಮಾಡಿದಳು. ಬಡಿಸುವಾಗ ನನಗೆ ಎಂದಿನಂತೆ ತುಪ್ಪ ಹೆಚ್ಚೇ ಹಾಕಿದಳು. ಮಾರನೆಯ ವಾರ ಅವಳಿಗೆ ಡೇರಿಯಿಂದ ಹಾಲು ಬೇಕಿತ್ತು. ನಾನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೆ. "ನೀನು ಓದ್ಕೋ," ಎಂದು ಒಬ್ಬಳೇ ಹೋದಳು. ಹಾಲಿನ ಬದಲು ಕ್ರೀಮ್ ತಂದಳು. ಅಪ್ಪ ನಕ್ಕರು. ಅದರ ಮಾರನೆಯ ದಿನವೂ ಒಬ್ಬಳೇ ಹೋದಳು. ಮಂಗಳವಾರ, ಗುರುವಾರ ಮಧ್ಯಾಹ್ನ ಐಲೀನ್ ಆಂಟಿಯ ಅಡುಗೆಮನೆಯಲ್ಲಿ ಇಬ್ಬರೂ ಕೂತು, ಹೂವಿನ ಬೀಜದ ಪೊಟ್ಟಣ, ಔಷಧಿಯ ಸೀಸೆ, ಬಸ್ಸಿನ ವೇಳಾಪಟ್ಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರು. ಕೋಡುಬಳೆ ತಿನ್ನುತ್ತ ಆಂಟಿ ಅಮ್ಮನ ಇಂಗ್ಲಿಷ್ ತಿದ್ದುವುದು ಬೇಲಿಯ ಈಚೆಗೆ ಕೇಳುತ್ತಿತ್ತು. ಅಪ್ಪ ಆ ಸಮಿತಿಯಲ್ಲಿ ಹನ್ನೊಂದು ವರ್ಷ ಕುರ್ಚಿ ಜೋಡಿಸಿದರು. ಅಮ್ಮ ಹಾಲ್‌ಗೆ ಮತ್ತೆ ಕಾಲಿಡಲಿಲ್ಲ. ವೈದ್ಯರ ಹತ್ತಿರ, ಬ್ಯಾಂಕಿಗೆ, ನನ್ನ ಶಾಲೆಯ ಟೀಚರನ್ನು ನೋಡಲು, ಎಲ್ಲಕ್ಕೂ ತನ್ನ ಒಡಕು ಇಂಗ್ಲಿಷನ್ನೇ ಹಿಡಿದು ಹೋದಳು. ನನ್ನನ್ನು ಜೊತೆಗೆ ಕರೆದುಕೊಂಡಾಗಲೂ ಚೀಲ ಹಿಡಿಯಲು ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಅವಳು ಹಿಲ್ಸ್‌ಬರೋದ ನನ್ನ ಮನೆಯಲ್ಲಿ ನಮ್ಮ ಜೊತೆಯೇ ಇದ್ದಳು. ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ಎಂಬತ್ತೆರಡು. ಪ್ರಜ್ಞೆ ಚೆನ್ನಾಗಿತ್ತು, ನೋವೂ ಹೆಚ್ಚಿರಲಿಲ್ಲ, ಅಷ್ಟು ಕರುಣೆ ಭಗವಂತ ತೋರಿಸಿದ. ಚಿಕಿತ್ಸೆ ಮುಂದುವರಿಸಬೇಕೋ, ನಿಲ್ಲಿಸಿ ಮನೆಗೆ ಕರೆದೊಯ್ಯಬೇಕೋ ಕೇಳಲು ಒಬ್ಬ ಎಳೆಯ ಡಾಕ್ಟರ್ ಬಂದ. ಸೀರೆ ಉಟ್ಟ ಮುದುಕಿಯನ್ನು ಒಮ್ಮೆ ನೋಡಿ, ದುಭಾಷಿಯನ್ನು ಕರೆಸಬೇಕೇ, ಇಲ್ಲ ಮಗಳು ನೀವೇ ಹೇಳುತ್ತೀರಾ ಎಂದು ನನ್ನನ್ನು ಕೇಳಿದ. ನಾನೇ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಅಮ್ಮ ಮೂಗಿನ ಕೊಳವೆಯನ್ನು ಪಕ್ಕಕ್ಕೆ ಸರಿಸಿದಳು.

"ನೋ. ನಾಟ್ ಹರ್. ಐ ವಿಲ್ ಸೇ ಮೈಸೆಲ್ಫ್."

ಕೋಪವಿರಲಿಲ್ಲ ಅದರಲ್ಲಿ. ನನ್ನ ಕಡೆ ತಿರುಗಿ, "ನೀನು ಕಾಫಿ ಕುಡ್ಕೊಂಡು ಬಾ ಮರಿ," ಎಂದಳು. ಡಾಕ್ಟರ್ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡು ಕೂತ. ನಾನು ಹೊರಗೆ ಬಂದು ಬಾಗಿಲ ಗಾಜಿನಿಂದ ನೋಡುತ್ತ ನಿಂತೆ. ಅವಳು ಒಂದೊಂದೇ ಪದವನ್ನು ಹುಡುಕಿ ಹೇಳುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ.